ಕಿವಿಯೊಳಗಿನ ನಂಬರು

ರಾಂಜಣಗಾಂವದ ಮಹಾಗಣಪತಿ ಅಷ್ಟವಿನಾಯಕರಲ್ಲಿ ಒಬ್ಬ. ಪುಣೆಯಿಂದ ಅಹಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಅವನ ಗುಡಿ, ಸುತ್ತಮುತ್ತ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಗಳು. ಗಣಪತಿಗೆ ನೇರವಾಗಿ ಹೇಳಲಾಗದ್ದನ್ನು ಅವನ ಇಲಿಯ ಕಿವಿಯಲ್ಲಿ ಉಸುರುವ ರೂಢಿ ಈ ಸೀಮೆಯ ಭಕ್ತರದು. ಪ್ರಯೋಗಾಲಯದ ಇಲಿಯ ಕಿವಿಗೂ ಒಂದು ಕೆಲಸವಿದೆ. ಯಾವ ಇಲಿ ಯಾವುದೆಂದು ತಿಳಿಯಲು ಅದಕ್ಕೆ ಕಚ್ಚು ಹಾಕುತ್ತಾರೆ.

ಬೆಂಗಳೂರಿನವರು ಹೀಗೆ ಗುರುತು ಹಾಕಿದ ಕಿವಿಗಳನ್ನು ಹತ್ತಿರದಿಂದ ನೋಡಿದ್ದು 2016ರಲ್ಲಿ. ಔಷಧ ಪರೀಕ್ಷೆಗೆ ಬಳಸಿದ್ದ 156 ಬೀಗಲ್ ನಾಯಿಗಳು ಅಲ್ಲಿನ ಪ್ರಯೋಗಾಲಯದಿಂದ ಹೊರಬಂದವು. ಕ್ಯುಪಾ ಎಂಬ ಪ್ರಾಣಿದಯಾ ಸಂಸ್ಥೆ ಅವಕ್ಕೆ ಮನೆ ಹುಡುಕಿತು. ಕಿವಿಯೊಳಗೆ ಹಚ್ಚೆಯ ನಂಬರು. ಹುಲ್ಲಿನ ಮೇಲೆ ಕಾಲಿಡಲು ಅಂಜಿಕೆ, ಮೆಟ್ಟಿಲು ಕಂಡರೆ ದಿಗಿಲು. ಬೀಗಲ್ ತಳಿಯನ್ನೇ ಯಾಕೆ ಆರಿಸುತ್ತಾರೆಂದರೆ ಅದು ಸಾಧು, ನೋಯಿಸಿದ ಕೈಯನ್ನೂ ಕಚ್ಚುವುದಿಲ್ಲ. ಒಳ್ಳೆಯತನಕ್ಕೆ ಸಿಗುವ ಪಗಾರ ಇದು! 2012ರಲ್ಲಿ ಚೀನಾದಿಂದ ಬೆಂಗಳೂರಿಗೆಂದು ಬಂದ 70 ಬೀಗಲ್‌ಗಳು ಚೆನ್ನೈ ವಿಮಾನ ನಿಲ್ದಾಣದಲ್ಲೇ ತಡೆಯಲ್ಪಟ್ಟು, ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್ ಮೂಲಕ ಜನರ ಮನೆ ಸೇರಿದ್ದವು.

ಇದನ್ನೆಲ್ಲ ನಾವು ದಯೆಯ ಕಥೆಯಾಗಿ ಓದಿ ಕಣ್ಣೊರೆಸಿಕೊಂಡೆವು. ನನ್ನ ತಕರಾರು ಅಲ್ಲಿಯೇ. ನಾಯಿಗೆ ಮನೆ ಕೊಡಿಸುವುದು ದಯೆಯಲ್ಲ, ಕಾನೂನು. 2006ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಪ್ರಯೋಗ ಮುಗಿದ ಮೇಲೆ ಪ್ರಾಣಿಯ ಆರೈಕೆ, ಪುನರ್ವಸತಿ ಸಂಶೋಧಕರ ಹೊಣೆ. ಅದರ ಖರ್ಚು ಸಂಶೋಧನೆಯ ಖರ್ಚಿನಲ್ಲೇ ಸೇರಿರಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೂ ಪ್ರಾಣಿಯಿಲ್ಲದೆ ಆಗುವ ಕೆಲಸಕ್ಕೆ ಪ್ರಾಣಿಯನ್ನು ಮುಟ್ಟಬೇಡಿ ಎಂದು ಅಂದೇ ಹೇಳಿತ್ತು. ಹಾಗಿದ್ದರೆ ಹೊರಬಂದವು 156, ಬರದೆ ಹೋದವು ಎಷ್ಟು?

ಈ ಪ್ರಶ್ನೆಗೆ ಸಾರ್ವಜನಿಕ ಉತ್ತರವಿಲ್ಲ. ಬ್ರಿಟನ್ನಿನ ಗೃಹ ಇಲಾಖೆ ವರ್ಷವರ್ಷವೂ ಲೆಕ್ಕ ಪ್ರಕಟಿಸುತ್ತದೆ. 2023ರಲ್ಲಿ ಸುಮಾರು 26.8 ಲಕ್ಷ ಪ್ರಯೋಗಗಳು. ಆ ಸಂಖ್ಯೆ ಹೆಮ್ಮೆಯದಲ್ಲ, ಆದರೆ ಅದನ್ನು ಹಿಡಿದು ಜಗಳವಾಡಬಹುದು. ನಮ್ಮಲ್ಲಿ ಸಂಸ್ಥೆಯ ನೈತಿಕ ಸಮಿತಿಯಿದೆ, ಅದರ ಮೇಲೆ ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಗೆ ಕೇಂದ್ರದ ಸಿಸಿಎಸ್‌ಇಎ ಸಮಿತಿಯಿದೆ, ಕಡತಗಳೂ ಇವೆ. ಜನರಿಗೆ ಸುದ್ದಿ ಸಿಗುವುದು ಮಾತ್ರ ಒಳಗಿನವರು ಬಾಯಿಬಿಟ್ಟಾಗ. 2025ರಲ್ಲಿ ತೆಲಂಗಾಣದ ಪಾಲಮೂರು ಬಯೋಸೈನ್ಸಸ್ ಪ್ರಯೋಗಾಲಯದ ಕುರಿತು ಪೆಟಾ ಮಾಡಿದ ಪ್ರಾಣಿಹಿಂಸೆಯ ಆರೋಪಗಳು ಹೊರಬಿದ್ದದ್ದೂ ಹಾಗೆಯೇ. ಅವು ನಿಜವೋ ಸುಳ್ಳೋ ನಾನು ತೀರ್ಪು ಕೊಡಲಾರೆ. ಲೆಕ್ಕದ ಪುಸ್ತಕ ತೆರೆದಿದ್ದರೆ ಗುಟ್ಟಾಗಿ ಪಿಸುಗುಟ್ಟುವ ಗರಜೇ ಇರುತ್ತಿರಲಿಲ್ಲ.

ಲೆಕ್ಕ ಕೇಳಿದರೆ ವಿಜ್ಞಾನ ನಿಂತುಹೋಗುತ್ತದೆ ಎನ್ನುವವರಿದ್ದಾರೆ. ಕೋವ್ಯಾಕ್ಸಿನ್ ಪರೀಕ್ಷೆಗೆ 20 ರೀಸಸ್ ಮಂಗಗಳನ್ನು ಬಳಸಿದ್ದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳೇ ಪ್ರಬಂಧದಲ್ಲಿ ಬರೆದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಿದಾಗಲೂ ಲಿಪ್‌ಸ್ಟಿಕ್ ಅಂಗಡಿಗಳು ಬಾಗಿಲು ಹಾಕಲಿಲ್ಲ. ಪ್ರಾಣಿಗಳಿಲ್ಲದ ವಿಧಾನಗಳಿಗೆ 2023ರಲ್ಲಿ ಔಷಧ ನಿಯಮಗಳೇ ದಾರಿ ಬಿಟ್ಟಿವೆ. ಆ ದಾರಿಯಲ್ಲಿ ಎಷ್ಟು ಕಂಪನಿಗಳು ನಡೆದಿವೆ ಎಂಬುದೂ ಅದೇ ಪುಸ್ತಕದಲ್ಲಿ ಬರಲಿ.

ಇಂದೇ ಎಲ್ಲ ಪಂಜರ ಒಡೆಯಿರಿ ಎನ್ನುವ ಗೆಳೆಯರ ಜೊತೆ ಮಾತ್ರ ನಾನು ಹೋಗಲಾರೆ. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ವೈರಾಣುವನ್ನು ಪತ್ತೆಹಚ್ಚಿದ್ದು ಇದೇ ಪುಣೆಯ ಸಂಸ್ಥೆ. ಅದೂ ಎಳೆಯ ಇಲಿಗಳ ಮೂಲಕ. ಹಳೆಯ ಲಸಿಕೆ 2022ರಲ್ಲಿ ನಿಂತಿತು. ಹೊಸದಕ್ಕಾಗಿ ಕಾಯುತ್ತಿರುವ ಅಡಿಕೆ ತೋಟದ ಕೂಲಿಯಾಳಿಗೆ ‘ಪ್ರಾಣಿ ಪರೀಕ್ಷೆ ಬೇಡ’ ಎಂದು ಪುಣೆಯಲ್ಲೋ ಬೆಂಗಳೂರಲ್ಲೋ ಕೂತು ಹೇಳುವುದು ಸುಲಭ.

ಅಂದಹಾಗೆ ಆ ಇಲಿಗಳ ಬಗ್ಗೆ. ಪುನರ್ವಸತಿಯ ಖರ್ಚು ಪ್ರಾಣಿಯ ಸಂವೇದನೆಯ ಮಟ್ಟಕ್ಕೆ ತಕ್ಕಂತೆ ಏರಬೇಕು ಎನ್ನುತ್ತದೆ ನಿಯಮ. ನಾಯಿಗೆ ಒಂದು ದರ, ಇಲಿಗೆ ಇನ್ನೊಂದು. ಸರ್ಕಾರವನ್ನೇನು ಬಯ್ಯುವುದು? 156 ಬೀಗಲ್‌ಗಳಿಗೆ ಮನೆ ಸಿಕ್ಕ ಊರಿನಲ್ಲಿ ಬಿಳಿ ಇಲಿಯೊಂದನ್ನು ಸಾಕುತ್ತೇನೆಂದು ಯಾರಾದರೂ ಅರ್ಜಿ ಹಾಕಿದ್ದನ್ನು ನಾನು ಕೇಳಿಲ್ಲ. ನಾನೂ ಹಾಕಿಲ್ಲ.