ಗೋಡೆಗೆ ಅಂಟಿಸಿದ ಬೀಗದ ಕೈ

1/5
ಫೋಟೋದಲ್ಲಿರೋದು ನಮ್ಮ ಹಾಸ್ಟೆಲ್ ಮೆಸ್ ಬಾಗಿಲು. ಪಕ್ಕದಲ್ಲೇ ಲ್ಯಾಮಿನೇಷನ್ ಮಾಡಿಸಿ ಅಂಟಿಸಿರೋ ವೈಫೈ ಪಾಸ್‌ವರ್ಡ್. ಬ್ಲರ್ ಮಾಡಿದೀನಿ, ಆದ್ರೆ ಏನು ಪ್ರಯೋಜನ? ಎದುರಿನ ಜೆರಾಕ್ಸ್ ಅಂಗಡಿಯವರಿಗೂ ಅದು ಬಾಯಿಪಾಠ.
ಹೋದ ಸೆಮ್‌ನಲ್ಲಿ ಯಾರೋ ಒಬ್ಬ ಜೂನಿಯರ್ ಹುಡುಗಿ ಹೆಸರಲ್ಲಿ ಫೇಕ್ ಅಕೌಂಟ್ ತೆರೆದ. ಅವಳು ದೂರು ಕೊಟ್ಟಳು. ಐಪಿ ವಿಳಾಸ ಹುಡುಕಿಕೊಂಡು ಬಂದವರು ನಮ್ಮ ಹಾಸ್ಟೆಲ್ ಗೇಟ್ ತನಕ ಬಂದು ನಿಂತರು. ಮುಂದೆ ದಾರಿ ಇಲ್ಲ. ಶಿಕ್ಷೆ? ಇಂಟರ್ನಲ್ಸ್ ವಾರದಲ್ಲಿ ಎಲ್ಲರಿಗೂ ವೈಫೈ ಬಂದ್. ಮಾಡಿದವನು ನಮ್ಮ ಜೊತೆಗೇ ಕೂತು ಊಟ ಮಾಡ್ತಿದಾನೆ.

2/5
‘ಪಾಸ್‌ವರ್ಡ್ ಇದೆಯಲ್ಲ, ಸೇಫ್’ ಅಂತಾರೆ. ಇಲ್ಲ ಗುರು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಅಂದ್ರೆ ರೌಟರ್ ಕೇಳೋದು ‘ಗುಟ್ಟಿನ ಪದ ಗೊತ್ತಾ?’ ಅಂತ ಮಾತ್ರ. ‘ನೀನು ಯಾರು?’ ಅಂತ ಕೇಳೋದೇ ಇಲ್ಲ.
ಇನ್ನೊಂದು ವಿಷಯ. ಡಬ್ಲ್ಯುಪಿಎ2 ಪರ್ಸನಲ್‌ನಲ್ಲಿ ಆ ಪಾಸ್‌ವರ್ಡ್ ಗೊತ್ತಿರೋನು, ನೀವು ಕನೆಕ್ಟ್ ಆಗೋ ಕ್ಷಣದ ಸಂದೇಶಗಳನ್ನ ಹಿಡಿದುಕೊಂಡ್ರೆ, ನಿಮ್ಮ ವೈಫೈ ಗೂಢಲಿಪಿಯನ್ನೂ ಬಿಡಿಸಬಹುದು. ಎಚ್‌ಟಿಟಿಪಿಎಸ್ ಇರೋದ್ರಿಂದ ಬ್ಯಾಂಕ್ ಪಾಸ್‌ವರ್ಡ್ ಉಳಿಯುತ್ತೆ. ಅದು ವೆಬ್‌ಸೈಟ್‌ನವರ ಪುಣ್ಯ, ಹಾಸ್ಟೆಲ್‌ನವರದ್ದಲ್ಲ.

3/5
ಗಲಾಟೆ ಆದಮೇಲೆ ಇವರು ಮಾಡಿದ ‘ಸೆಕ್ಯುರಿಟಿ’ ನೋಡಿ.
ನೆಟ್‌ವರ್ಕ್ ಹೆಸರು ಮುಚ್ಚಿಟ್ಟರು: ಯಾರಾದ್ರೂ ಕನೆಕ್ಟ್ ಆದ ತಕ್ಷಣ ಆ ಹೆಸರು ಗಾಳಿಯಲ್ಲಿ ಬಯಲಾಗುತ್ತೆ.
ಮ್ಯಾಕ್ ಫಿಲ್ಟರ್ ಹಾಕಿದರು: ಮ್ಯಾಕ್ ವಿಳಾಸ ಯಾವತ್ತೂ ಮುಚ್ಚಿ ಹೋಗಲ್ಲ, ನಕಲು ಮಾಡೋದು ಐದು ನಿಮಿಷದ ಕೆಲಸ.
ಪಾಸ್‌ವರ್ಡ್ ಬದಲಾಯಿಸಿದರು: ಸಂಜೆಯೊಳಗೆ ವಾಟ್ಸ್ಯಾಪ್ ಗ್ರೂಪಲ್ಲಿ ಬಂತು.
ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಬಾಗಿಲು ಹಾಕಿ ಬೀಗದ ಕೈಯನ್ನ ಅಲ್ಲೇ ನೇತುಹಾಕಿದ್ದಾರೆ.

4/5
ಪರಿಹಾರ ಹೊಸದೇನಲ್ಲ. ಡಬ್ಲ್ಯುಪಿಎ2 ಬಂದಿದ್ದು 2004ರಲ್ಲಿ, ಅದರಲ್ಲೇ ಎಂಟರ್‌ಪ್ರೈಸ್ ಅನ್ನೋ ಆಯ್ಕೆ ಇತ್ತು. ಪ್ರತಿಯೊಬ್ಬರಿಗೂ ಬೇರೆ ಯೂಸರ್‌ನೇಮ್, ಬೇರೆ ಪಾಸ್‌ವರ್ಡ್. ಆಕ್ಸೆಸ್ ಪಾಯಿಂಟ್ ತಾನೇ ತೀರ್ಮಾನ ಮಾಡಲ್ಲ, ರೇಡಿಯಸ್ ಸರ್ವರ್‌ನ ಕೇಳುತ್ತೆ. ಒಬ್ಬ ತಪ್ಪು ಮಾಡಿದ್ರೆ ಒಬ್ಬನದ್ದೇ ಬಂದ್. ದುಡ್ಡಿಲ್ಲ ಅನ್ನೋ ನೆಪ ಬೇಡ, ಫ್ರೀರೇಡಿಯಸ್ ಉಚಿತ. ಬೆಂಗಳೂರಿನ ಐಐಎಸ್‌ಸಿಯಲ್ಲಿರೋ ಎಡುರೋಮ್ ನಡೆಯೋದೂ ಇದೇ ಪದ್ಧತಿಯಲ್ಲಿ.
ನಮ್ಮ ಕಡೆಯಿಂದ ಒಂದು ಎಚ್ಚರ: ಕನೆಕ್ಟ್ ಆಗುವಾಗ ಸರ್ಟಿಫಿಕೇಟ್ ನೋಡದೆ ಒಪ್ಪಿಕೊಳ್ಳಬೇಡಿ. ಅದೇ ಹೆಸರಿನ ಕಳ್ಳ ವೈಫೈ ನಿಮ್ಮ ಲಾಗಿನ್ನನ್ನೇ ಕದಿಯಬಹುದು.

5/5
‘ಹಂಗಾದ್ರೆ ನಾವು ಏನು ನೋಡ್ತೀವಿ ಅಂತ ವಾರ್ಡನ್‌ಗೆ ಗೊತ್ತಾಗಲ್ವಾ?’ ಅಂತ ಡಿಎಂ ಮಾಡಿದವರೇ, ನಿಮ್ಮ ಭಯ ನ್ಯಾಯವಾದದ್ದೇ. ಅದಕ್ಕೇ ನಮ್ಮ ಅರ್ಜಿಯಲ್ಲಿ ಎರಡು ಸಾಲು ಇದೆ. ಯಾರು ಯಾವಾಗ ಯಾವ ಐಪಿಯಲ್ಲಿದ್ರು ಅಂತ ಮಾತ್ರ ದಾಖಲೆ ಇರಲಿ, ಯಾವ ಸೈಟ್ ನೋಡಿದ್ರು ಅಂತ ಬೇಡ. ಅದನ್ನ ಯಾರು ತೆಗೆದು ನೋಡಬಹುದು, ಎಷ್ಟು ದಿನ ಇಡಬೇಕು ಅಂತ ಬರೆದು ಸಹಿ ಹಾಕಿ ಕೊಡಲಿ.
ನಮಗೆ ಬೇಕಾಗಿರೋದು ಕಾವಲು ಅಲ್ಲ, ಹೊಣೆ. ಆ ಹುಡುಗಿ ಈಗಲೂ ಕ್ಲಾಸಲ್ಲಿ ತಲೆ ತಗ್ಗಿಸಿ ಕೂರ್ತಾಳೆ. ತಲೆ ತಗ್ಗಿಸಬೇಕಾದವರು ಬೇರೆ.
ಸೋಮವಾರ ಊಟದ ಹೊತ್ತಿಗೆ ಅರ್ಜಿ ಮೆಸ್ ಹತ್ರ ಇರುತ್ತೆ, ಆ ಪಾಸ್‌ವರ್ಡ್ ಚೀಟಿ ಕೆಳಗೇ. ಬಂದು ಸಹಿ ಹಾಕಿ.