ಸಣ್ಣ ವಿಮಾನದ ದೊಡ್ಡ ಲೆಕ್ಕ

ಈ ವಾರ ಬಂದ ಒಂದು ಕಾಗದದಲ್ಲಿ ಎರಡು ಕೈಬರಹಗಳಿವೆ. ಮೇಲಿನದು ಒಂಬತ್ತನೇ ತರಗತಿಯ ಹುಡುಗಿಯದು: "ನಾನು ಪೈಲಟ್ ಆಗಬೇಕು ಅಂತಿದ್ದೇನೆ. ದೊಡ್ಡ ಕಂಪನಿಯ ವಿಮಾನ ಹಾರಿಸಿದರೆ ಸಂಬಳ ಜಾಸ್ತಿಯೋ, ಉದ್ಯಮಿಗಳ ಸ್ವಂತ ಸಣ್ಣ ವಿಮಾನ ಹಾರಿಸಿದರೆ ಜಾಸ್ತಿಯೋ?" ಕೆಳಗಿನದು ಅವಳ ತಾತನದು, ಅಕ್ಷರ ತುಸು ನಡುಗಿದೆ: "ಸಂಬಳದ ಮಾತು ಆಮೇಲೆ. ಹಬ್ಬಕ್ಕೆ ಮನೆಗೆ ಬರುತ್ತಾಳೋ ಇಲ್ಲವೋ, ಅದನ್ನು ಬರೆಯಿರಿ."

ಇಬ್ಬರೂ ಕೇಳಿರುವುದು ಸರಿಯಾದ ಪ್ರಶ್ನೆಯನ್ನೇ. ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ.

ಮೊದಲು ಈ ಸಣ್ಣ ವಿಮಾನ ಯಾವುದು ಎಂದು ತಿಳಿಯೋಣ. ನೂರಾರು ಜನ ಕೂರುವ ವಿಮಾನವನ್ನು ನೀವೆಲ್ಲ ನೋಡಿದ್ದೀರಿ. ಕಿಂಗ್ ಏರ್ ಎಂಬ ವಿಮಾನದಲ್ಲಿ ಎಂಟೊಂಬತ್ತು ಜನ ಕೂರಬಹುದು, ಎರಡು ರೆಕ್ಕೆಗೆ ಎರಡು ಎಂಜಿನ್. ಪಿಲಾಟಸ್ ಪಿಸಿ-12 ಕೂಡ ಹೆಚ್ಚುಕಡಿಮೆ ಅಷ್ಟೇ ಜನರದು, ಆದರೆ ಅದಕ್ಕೆ ಮೂತಿಯಲ್ಲಿ ಒಂದೇ ಎಂಜಿನ್. ದೊಡ್ಡ ವಿಮಾನಗಳಿಗೆ ಸಾಲದ ಚಿಕ್ಕ ಓಡುಹಾದಿಯಲ್ಲೂ ಇವು ಇಳಿಯುತ್ತವೆ. ಬೆಂಗಳೂರಿನಿಂದ ಬಳ್ಳಾರಿ ಕಡೆಯ ತೋರಣಗಲ್ಲಿಗೆ ರಸ್ತೆಯಲ್ಲಿ ಹೋದರೆ ಅರ್ಧ ದಿನ ಕಳೆಯುತ್ತದೆ. ಇಂಥ ವಿಮಾನಕ್ಕೆ ಒಂದು ಗಂಟೆ ಸಾಕು. ಉದ್ಯಮಿಗಳು ಇವನ್ನು ಕೊಳ್ಳುವುದು, ಬಾಡಿಗೆಗೆ ಪಡೆಯುವುದು ಇದಕ್ಕಾಗಿಯೇ. ಚುನಾವಣೆ ಬಂತೆಂದರೆ ಇವುಗಳಿಗೆ ಬಿಡುವೇ ಇರುವುದಿಲ್ಲ. ಒಳಗೆ ಹಾಸಿಗೆ, ಆಮ್ಲಜನಕದ ವ್ಯವಸ್ಥೆ ಮಾಡಿ ರೋಗಿಗಳನ್ನು ಸಾಗಿಸುವುದೂ ಉಂಟು.

ಪೈಲಟ್ ಕೆಲಸಕ್ಕೆ ಬೇಕಾದ ಕಮರ್ಷಿಯಲ್ ಲೈಸೆನ್ಸ್ ಎರಡು ಕಡೆಗೂ ಒಂದೇ. ವಯಸ್ಸು 18 ತುಂಬಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಬೇಕು, ಒಟ್ಟು 200 ಗಂಟೆ ಹಾರಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬುದು ಬಹುಕಾಲದಿಂದ ಇರುವ ನಿಯಮ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ಶಾಲೆಯಿದೆ. ಆದರೆ ಎಲ್ಲಿ ಕಲಿತರೂ ಖರ್ಚು ಹಲವು ಹತ್ತು ಲಕ್ಷ. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಸಾಲ ಮಾಡಬೇಕಾಗುತ್ತದೆ. ಈ ಸಾಲದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಕ್ಕಳೇ, ಈಗ ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕಕ್ಕೆಂದು ಎರಡು ಕೆಲಸ ಊಹಿಸಿಕೊಳ್ಳೋಣ. ಇವು ನಾನು ಕಟ್ಟಿದ ಅಂಕಿಗಳು. ನಿಜದ ಸಂಬಳ ಕಂಪನಿಯಿಂದ ಕಂಪನಿಗೆ, ವಿಮಾನದಿಂದ ವಿಮಾನಕ್ಕೆ ಬೇರೆಯಾಗುತ್ತದೆ.

ಸಣ್ಣ ವಿಮಾನದ ಕೆಲಸ: ತಿಂಗಳಿಗೆ 2,00,000 ರೂಪಾಯಿ. ಹಾರುವುದು 25 ಗಂಟೆ. ಆದರೆ ಕರೆ ಬಂದ ಕೂಡಲೇ ಹೊರಡಲು 25 ದಿನ ಸಿದ್ಧವಾಗಿರಬೇಕು.

ದೊಡ್ಡ ಕಂಪನಿಯ ಕೆಲಸ: ತಿಂಗಳಿಗೆ 2,40,000 ರೂಪಾಯಿ. ಹಾರುವುದು 60 ಗಂಟೆ. ಕೆಲಸ 20 ದಿನ. ಯಾವ ದಿನ ಎಲ್ಲಿಗೆ ಎಂಬ ಪಟ್ಟಿ ಮುಂಚೆಯೇ ಕೈಗೆ ಬರುತ್ತದೆ.

ಹಾರಿದ ಗಂಟೆಗೆ ಎಷ್ಟು ಸಿಕ್ಕಿತು? ಸಣ್ಣ ವಿಮಾನದಲ್ಲಿ 8,000 ರೂಪಾಯಿ, ದೊಡ್ಡದರಲ್ಲಿ 4,000. ಸಣ್ಣದೇ ಗೆದ್ದಿತು! ತಡೆಯಿರಿ, ಇನ್ನೊಮ್ಮೆ ಭಾಗಿಸಿ. ಕೆಲಸಕ್ಕೆ ಕೊಟ್ಟ ಒಂದು ದಿನಕ್ಕೆ ಎಷ್ಟು? ಸಣ್ಣದರಲ್ಲಿ 8,000, ದೊಡ್ಡದರಲ್ಲಿ 12,000. ಈಗ ದೊಡ್ಡದು ಗೆದ್ದಿತು. ಸಂಬಳ ಅದೇ, ತಿಂಗಳೂ ಅದೇ. ಯಾವುದರಿಂದ ಭಾಗಿಸಿದಿರಿ ಎಂಬುದರ ಮೇಲೆ ಉತ್ತರ ತಲೆಕೆಳಗಾಯಿತು. ಯಾರಾದರೂ "ಅಲ್ಲಿ ಒಳ್ಳೆ ಸಂಬಳವಂತೆ" ಎಂದರೆ, ಏನಕ್ಕೆ ಎಷ್ಟು ಎಂದು ಕೇಳುವುದನ್ನು ಇದರಿಂದ ಕಲಿಯಬಹುದು.

ಏಕೆಂದರೆ ಸಣ್ಣ ವಿಮಾನದ ಪೈಲಟ್ ಹಾರುವುದಕ್ಕಿಂತ ಕಾಯುವುದೇ ಹೆಚ್ಚು. ಬೆಳಗ್ಗೆ ಎಂಟಕ್ಕೆ ಧಣಿಗಳನ್ನು ಇಳಿಸಿದರೆ, ಅವರ ಸಭೆ ಮುಗಿಯುವವರೆಗೆ ಆ ಊರಿನ ನಿಲ್ದಾಣದಲ್ಲೇ ಇರಬೇಕು. ಮೂರಕ್ಕೆ ಬರುತ್ತೇನೆ ಎಂದವರು ಏಳಕ್ಕೆ ಬಂದಾರು, ಇಲ್ಲವೇ "ನಾಳೆ ಹೋಗೋಣ" ಎಂದಾರು. ಹವಾಮಾನ ತಿಳಿಯುವುದು, ಇಂಧನ ಹಾಕಿಸುವುದು, ಸಾಮಾನಿನ ತೂಕ ಲೆಕ್ಕ ಹಾಕುವುದು ಅಷ್ಟೇ ಅಲ್ಲ, ಪೆಟ್ಟಿಗೆ ಎತ್ತಿಡುವುದು, ಊಟ ತಿಂಡಿ ಬಂದಿದೆಯೇ ನೋಡುವುದು ಕೂಡ ಎಷ್ಟೋ ಕಡೆ ಪೈಲಟ್‌ನದೇ ಪಾಲು.

ಹಾಗೆಂದು ಇದು ಕೆಟ್ಟ ಕೆಲಸವೇ? ಇಲ್ಲ. ಹಗಲು ಮಾತ್ರ ಹಾರುವ, ಭಾನುವಾರ ಮುಟ್ಟದ, ಸಂಜೆಗೆ ಮನೆ ಸೇರಿಸುವ ಧಣಿಗಳೂ ಇದ್ದಾರೆ. ಇದ್ದ ಊರಲ್ಲೇ ಬೇರೂರಬಹುದು. ದೊಡ್ಡ ಕಂಪನಿಯಲ್ಲಿ ರಾತ್ರಿ ಹಾರಾಟ, ಬೇರೆ ಊರಿಗೆ ವರ್ಗ ತಪ್ಪಿದ್ದಲ್ಲ, ಹಬ್ಬದ ದಿನ ಪ್ರಯಾಣಿಕರೂ ಹೆಚ್ಚು. ತಾತನವರೇ, ಹಬ್ಬಕ್ಕೆ ಬರುವ ಖಾತರಿ ಎರಡು ಕಡೆಯೂ ಇಲ್ಲ. ವ್ಯತ್ಯಾಸ ಇಷ್ಟೇ: ಒಂದು ಕಡೆ ಬರುವುದಿಲ್ಲ ಎಂದು ಮುಂಚೆ ಗೊತ್ತಾಗುತ್ತದೆ. ಇನ್ನೊಂದು ಕಡೆ ಹೋಳಿಗೆ ಬಡಿಸಿದ ಮೇಲೂ ಫೋನ್ ಬರಬಹುದು.

ಸಂಬಳವಲ್ಲದ ಇನ್ನೊಂದು ಗಳಿಕೆಯಿದೆ. ಪ್ರತಿ ಪೈಲಟ್‌ಗೂ ಲಾಗ್‌ಬುಕ್ ಎಂಬ ಪುಸ್ತಕವಿರುತ್ತದೆ. ಹಾರಿದ ಒಂದೊಂದು ಗಂಟೆಯೂ ಅದರಲ್ಲಿ ದಾಖಲಾಗುತ್ತದೆ. ಮೇಲಿನ ದರ್ಜೆಯ ಲೈಸೆನ್ಸ್‌ಗೆ 1,500 ಗಂಟೆ ಬೇಕು. ಅದಕ್ಕಿರುವ ಬೇರೆ ಷರತ್ತುಗಳನ್ನು ಬದಿಗಿಟ್ಟು ಲೆಕ್ಕ ಮಾಡಿ: 200 ಗಂಟೆ ಇರುವವರಿಗೆ ಉಳಿದದ್ದು 1,300. ತಿಂಗಳಿಗೆ 25ರಂತೆ 52 ತಿಂಗಳು. 60ರಂತೆ ಸುಮಾರು 22 ತಿಂಗಳು. ಸಣ್ಣ ವಿಮಾನದ ಪೈಲಟ್ ವಿರಾಮವಾಗಿ ಕೂತಿರುವಾಗ ಅವಳ ಲಾಗ್‌ಬುಕ್ ಕೂಡ ವಿರಾಮವಾಗಿ ಕೂತಿರುತ್ತದೆ.

ಹಾಗೆಂದು ಸಣ್ಣ ವಿಮಾನದ ದಾರಿ ಎಲ್ಲರಿಗೂ ನಿಧಾನದ ದಾರಿಯಲ್ಲ. ಪ್ರೇಮ್ ಮಾಥುರ್ ಅವರ ಕಥೆ ಕೇಳಿ. ಅವರು ಕಮರ್ಷಿಯಲ್ ಲೈಸೆನ್ಸ್ ಪಡೆದದ್ದು 1947ರಲ್ಲಿ. ಹೆಣ್ಣುಮಗಳು ಎಂದು ಹಲವು ಕಂಪನಿಗಳು ಕೆಲಸ ಕೊಡಲಿಲ್ಲ. ಕೊನೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸಹಪೈಲಟ್ ಆಗಿ ಸೇರಿಸಿಕೊಂಡಿತು. 1949ರಲ್ಲಿ ಅವರು ರಾಷ್ಟ್ರೀಯ ವಾಯು ಸ್ಪರ್ಧೆಯನ್ನೂ ಗೆದ್ದರು. ಆದರೆ ಕಂಪನಿಯಲ್ಲಿ ವಿಮಾನದ ಮುಖ್ಯಸ್ಥೆಯಾಗುವ ಅವಕಾಶ ಸಿಗಲಿಲ್ಲ. ಆಗ ಅವರು ಉದ್ಯಮಿ ಜಿ. ಡಿ. ಬಿರ್ಲಾ ಅವರ ಖಾಸಗಿ ವಿಮಾನದ ಪೈಲಟ್ ಆದರು. ಮುಂದೆ 1953ರಲ್ಲಿ ಇಂಡಿಯನ್ ಏರ್‌ಲೈನ್ಸ್ ಸೇರಿ ವೃತ್ತಿಜೀವನವನ್ನು ಅಲ್ಲಿಯೇ ಕಳೆದರು. ದೊಡ್ಡ ಬಾಗಿಲು ಮುಚ್ಚಿದ್ದಾಗ ಚಿಕ್ಕ ಬಾಗಿಲಿನಿಂದ ಒಳಗೆ ಹೋಗಿ, ಆಮೇಲೆ ದೊಡ್ಡದನ್ನೂ ದಾಟಿದವರು ಅವರು.

ಈಗ ಆ ಸಾಲದ ಮಾತಿಗೆ ಬರೋಣ. ದೊಡ್ಡ ವಿಮಾನದಲ್ಲಿ ಪೈಲಟ್‌ಗೂ ಪ್ರಯಾಣಿಕರಿಗೂ ನಡುವೆ ಬೀಗ ಹಾಕಿದ ಬಾಗಿಲಿದೆ. ಸಣ್ಣದರಲ್ಲಿ ಸಂಬಳ ಕೊಡುವವರು ಬೆನ್ನ ಹಿಂದೆಯೇ ಕೂತಿರುತ್ತಾರೆ. ಹೊರಗೆ ಮೋಡ ಕವಿದಿದೆ, ಇಳಿಯಬೇಕಾದ ಕಡೆ ದೀಪದ ವ್ಯವಸ್ಥೆಯಿಲ್ಲ. ಅವರು ಗಡಿಯಾರ ನೋಡಿ, "ಏನಾಗಲ್ಲ, ಹೊರಡಮ್ಮ" ಎನ್ನುತ್ತಾರೆ. ಹೊರಡಬೇಕೋ ಬೇಡವೋ ಎಂಬ ಕೊನೆಯ ಮಾತು ವಿಮಾನದ ಮುಖ್ಯ ಪೈಲಟ್‌ನದು. ಜಗತ್ತಿನೆಲ್ಲೆಡೆ ನಿಯಮ ಅದೇ. ಆದರೆ ಮುಂದಿನ ತಿಂಗಳ ಕಂತು ಕಣ್ಣೆದುರು ಕುಣಿಯುತ್ತಿದ್ದರೆ "ಇಲ್ಲ ಸಾರ್, ಈಗ ಆಗುವುದಿಲ್ಲ" ಎನ್ನಲು ನಾಲಿಗೆ ಏಳುವುದು ಕಷ್ಟ. ಆದ್ದರಿಂದ ಸಂಬಳ ಎಷ್ಟು ಎಂಬುದಕ್ಕಿಂತ, ಬೇಡ ಎಂದರೆ ಒಪ್ಪಿಕೊಳ್ಳುವ ಧಣಿಯೇ ಎಂಬುದು ದೊಡ್ಡ ಪ್ರಶ್ನೆ. ಅಲ್ಲಿ ಮೊದಲು ಕೆಲಸ ಮಾಡಿದ ಪೈಲಟ್‌ಗಳನ್ನು ಹುಡುಕಿ ಕೇಳಿದರೆ ಉತ್ತರ ಸಿಗುತ್ತದೆ.

ಕಾಗದಕ್ಕೆ ಸಹಿ ಹಾಕುವ ಮೊದಲು ಇನ್ನೂ ಕೆಲವನ್ನು ಕೇಳಬೇಕು. ತಿಂಗಳಿಗೆ ಎಷ್ಟು ರಜೆ, ಅದು ಬರಹದಲ್ಲಿದೆಯೇ? ಒಂದು ವಿಮಾನಕ್ಕೆ ಎಷ್ಟು ಪೈಲಟ್‌ಗಳು? ಇಬ್ಬರೇ ಇದ್ದರೆ ಒಬ್ಬರಿಗೆ ಜ್ವರ ಬಂದ ದಿನ ಏನು ಮಾಡುತ್ತಾರೆ? ಆ ವಿಮಾನದ ತರಬೇತಿಯ ಖರ್ಚು ಯಾರದು, ಅದಕ್ಕಾಗಿ ಎಷ್ಟು ವರ್ಷದ ಬಾಂಡ್? ವೈದ್ಯಕೀಯ ಪರೀಕ್ಷೆ ಮತ್ತೆ ಮತ್ತೆ ನಡೆಯುತ್ತದೆ. ಅದರಲ್ಲಿ ಸೋತು ಹಾರಾಟ ನಿಂತರೆ ವಿಮೆ ಇದೆಯೇ? ಧಣಿ ವಿಮಾನ ಮಾರಿಬಿಟ್ಟರೆ ಕೆಲಸದ ಗತಿಯೇನು?

ಪುಟ್ಟಿ, ನೇರ ಉತ್ತರ ಬೇಕೆಂದರೆ ಹೇಳುತ್ತೇನೆ. ಮೊದಲ ಕೆಲಸಕ್ಕೆ, ಗಂಟೆ ಬೇಗ ಕೂಡುವ, ಕಲಿಸುವ ಹಿರಿಯ ಪೈಲಟ್ ಪಕ್ಕದಲ್ಲಿರುವ ಕಡೆ ಹೋಗು, ವಿಮಾನ ಸಣ್ಣದಿರಲಿ ದೊಡ್ಡದಿರಲಿ. ಸಾಲ ತೀರಿ, ಲಾಗ್‌ಬುಕ್ ತುಂಬಿದ ಮೇಲೆ ಸಂಜೆಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ತಾನಾಗಿ ಬರುತ್ತದೆ.

ಈ ವಾರ ಎಲ್ಲರಿಗೂ ಒಂದು ಮನೆಗೆಲಸ. ಅಜ್ಜ ಅಜ್ಜಿಯರ ಪಕ್ಕ ಕೂತು, ಅವರು ಮಾಡಿದ ಕೆಲಸದ ಬಗ್ಗೆ ಒಂದು ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ಬಂದ ಹಣ, ಕಲಿತ ವಿದ್ಯೆ, ಕೊಟ್ಟ ಸಮಯ. ಕಂಡಕ್ಟರ್ ಆಗಿರಲಿ, ನರ್ಸ್ ಆಗಿರಲಿ, ಗದ್ದೆ ಗೇಯ್ದಿರಲಿ, ಮನೆ ನಡೆಸಿರಲಿ. ಹಿರಿಯರೇ, ಮೂರನೆಯ ಕಂಬವನ್ನು ಮುಚ್ಚಿಡದೆ ತುಂಬಿಸಿ. ಮೊಮ್ಮಕ್ಕಳು ಮುಂದೆ ತಮ್ಮ ಕೆಲಸ ಆರಿಸುವಾಗ ಆ ಕಂಬವೇ ಅವರಿಗೆ ಹೆಚ್ಚು ನೆರವಾಗುತ್ತದೆ.