ಬಿಳಿ ಎತ್ತಿಗೆ ಬಿಳಿ ಬಣ್ಣ ಬ್ಯಾಡ್ರಿ

ಜಲವರ್ಣದಾಗ ಎತ್ತು ಬರಿಯೋರು ಮೊದಲು ಡಬ್ಬಿಯೊಳಗಿನ ಬಿಳಿ ಟ್ಯೂಬ್ ತಗದು ಅಟ್ಟದ ಮ್ಯಾಲ ಇಡಬೇಕು ಅಂತೀನಿ ನಾನು. ನಮ್ಮ ಓಣಿ ಹುಡುಗ್ರು ಹೋಗೋ ಕ್ಲಾಸಿನ್ಯಾಗ ಕಲಿಸೂದು ಉಲ್ಟಾ: ಕರೇ ಸ್ಕೆಚ್ ಪೆನ್ನಿಲೆ ಅಂಚು ಎಳಿ, ಒಳಗ ಬಿಳಿ ತುಂಬು, ಮುಗೀತು. ಹಂಗ ಬರದ ಎತ್ತು ಸುಣ್ಣ ಬಳದ ಗ್ವಾಡಿ ಕಂಡಂಗ ಕಾಣ್ತದ.

ಜಲವರ್ಣ ಅಂದ್ರ ತೆಳು ಬಣ್ಣ, ಕೆಳಗಿನ ಹಾಳಿ ಕಾಣ್ತಿರ್ತದ. ಹಿಂಗಾಗಿ ಅಲ್ಲಿ ಬೆಳಕು ಅಂದ್ರ ಹಾಳಿನ. ಬೆನ್ನ ಮ್ಯಾಲ ಬಿಸಿಲು ಬಿದ್ದಲ್ಲಿ ಏನೂ ಹಚ್ಚದ ಬಿಡಬೇಕು. ಒಮ್ಮೆ ಮುಚ್ಚಿ, ಮ್ಯಾಲ ಬಿಳಿ ಬಳದ್ರ ಮಬ್ಬಾಗ್ತದ, ಆ ಹೊಳಪು ತಿರುಗಿ ಬರೂದಿಲ್ಲ. ರಂಗೋಲಿ ಲೆಕ್ಕ ಇಲ್ಲಿ ತಿರುವುಮುರುವು: ಅಲ್ಲಿ ಬಿಳಿ ಹಾಕ್ತೀವಿ, ಇಲ್ಲಿ ಬಿಳಿ ಉಳಸ್ತೀವಿ.

ನಮ್ಮ ವಿಜಾಪುರ ಕಡೆ ಖಿಲಾರಿ ಎತ್ತನ್ನ ಸರಿಯಾಗಿ ನೋಡ್ರಿ. ಬಿಳಿ ಅಂತ ಬಾಯಿಲೆ ಅಂತೀವಿ ಅಷ್ಟ. ಹೋರಿಗೆ ಕುತ್ತಿಗಿ, ಡುಬ್ಬ, ಹಿಂದಿನ ತೊಡಿ ಬೂದಿಗಪ್ಪು ಇರ್ತಾವ. ಹೊಟ್ಟಿ ಕೆಳಗಿನ ನೆರಳು ನೀಲಿ ಹೊಡಿತದ, ಅದರಾಗೂ ನೆಲದ ಮಣ್ಣಿನ ಬಣ್ಣ ಬಡದಿರ್ತದ. ಆ ಬೂದಿಗೂ ಕರೇ ಬಣ್ಣ ಬ್ಯಾಡ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಕೂಡಿಸ್ರಿ, ನೀರು ಜಾಸ್ತಿ ಇರ್ಲಿ. ಹಾಳಿ ಹಸಿ ಇದ್ದಾಗ ಕುಂಚ ಮುಟ್ಟಿಸಿದ್ರ ಸಾಕು, ಬಣ್ಣ ತಾನ ಹರಡಿ ಹೊಟ್ಟಿ ಗುಂಡಗ ಕಾಣ್ತದ. ಆಮ್ಯಾಲ ಕೈ ಕಟ್ಟಿ ಕೂಡಬೇಕು. ಅರ್ಧ ಆರಿದಾಗ ಮತ್ತ ನೀರು ಹಚ್ಚಿದ್ರ ಹೂಕೋಸಿನಂಥ ಕಲಿ ಏಳ್ತಾವ. ಕುಕ್ಕರಿನ್ಯಾಗ ಬ್ಯಾಳಿ ಇಟ್ಟು ಬರೂದಕ್ಕ ಛಲೋ ಹೊತ್ತು ಅದು. ಹಾಳಿ 300 ಜಿಎಸ್‌ಎಂ ಇದ್ರ ಛಲೋ, ತೆಳು ಹಾಳಿ ನೀರಿಗೆ ಮುದುಡ್ತದ. ಕಣ್ಣು, ಗೊರಸು ಪೂರಾ ಆರಿದ ಮ್ಯಾಲ. ಕಣ್ಣಾಗೂ ಸಾಸಿವಿಕಾಳಿನಷ್ಟು ಹಾಳಿ ಬಿಡ್ರಿ.

ಒಂದು ಎತ್ತಿಗೆ ಇಷ್ಟ್ಯಾಕ ಅಂತೀರೇನು? ಹೊಲಕ್ಕ ಟ್ರ್ಯಾಕ್ಟರ್ ಬಂದ ಮ್ಯಾಲ ಎಷ್ಟೋ ಮನಿ ಕೊಟ್ಟಗಿ ಖಾಲಿ ಆದ್ವು, ಕಾರಹುಣ್ಣಿಮಿಗೆ ಕೋಡಿಗೆ ಬಣ್ಣ ಹಚ್ಚಬೇಕಂದ್ರ ಎತ್ತ ಇಲ್ಲ. ಮಣ್ಣೆತ್ತಿನ ಅಮಾವಾಸಿಗೆ ಮಣ್ಣಿನ ಎತ್ತು ತಂದು ಪೂಜಾ ಮಾಡ್ತೀವಿ ಖರೇ, ಜೀವಂತ ಖಿಲಾರಿ ಕೋಡು ಯಾವ ಕಡೆ ಬಾಗ್ತಾವ ಅಂತ ಕೇಳಿದ್ರ ಹುಡುಗ್ರು ಮೊಬೈಲ್ ನೋಡ್ತಾವ. (ಹಿಂದಕ್ಕ ಬಾಗಿ ಬಿಲ್ಲಿನಂಗ ಮ್ಯಾಲ ಏಳ್ತಾವ.) ಅಂಚಿನೊಳಗ ಬಿಳಿ ತುಂಬೋ ಹುಡುಗಗ ಎತ್ತು ನೋಡೋ ಗರಜೇ ಬೀಳೂದಿಲ್ಲ. ಬಿಳಿ ಎಲ್ಲಿ ಉಳಸಲಿ ಅಂತ ಹುಡುಕೋನು ಡುಬ್ಬ ಎಲ್ಲಿ ಏಳ್ತದ, ಗಂಗೆದೊಗಲು ಎಲ್ಲಿ ಮಡಚ್ತದ ಅಂತ ನೋಡಲೇಬೇಕು.

ಸ್ಪರ್ಧಾಕ್ಕ ಕಳಸೋ ಚಿತ್ರ ಪಳಪಳ ಅನ್ನಬೇಕು ಅಂತ ನಾವು ತಾಯಂದ್ರೇ ಬಿಳಿ ಟ್ಯೂಬ್ ಕೊಡಸ್ತೀವಿ. ಆ ರೊಕ್ಕದಾಗ ದನದ ಸಂತಿಗೆ ಕರಕೊಂಡು ಹೋಗ್ರಿ, ಮುಂಜಾನೆ ಲಗೂನ. ಬಿಸಿಲು ನೆತ್ತಿಗೆ ಬಂತಂದ್ರ ನೆರಳೆಲ್ಲ ಹೊಟ್ಟಿ ಕೆಳಗ ಸೇರ್ತದ, ಮೈ ತಿರುವು ಕಾಣೂದಿಲ್ಲ.